ಎದ್ದು ಓಡಾಡಬೇಕಾದ ಅತ್ತೆ

ಎಮರ್ಜೆನ್ಸಿ ಮುಗಿದ ವರ್ಷ ಸಿದ್ದಗಂಗಮ್ಮನಿಗೆ ಎದೆಯಲ್ಲಿ ಕಫ ಕಟ್ಟಿ ತಿಪಟೂರಿನ ಆಸ್ಪತ್ರೆಗೆ ಸೇರಿಸಿದಾಗ, ಇನ್ನು ಮುದುಕಿ ಮನೆ ಕಂಡ ಹಾಗೆಯೇ ಎಂದು ಸೊಸೆ ಗಿರಿಜಾಂಬಿಕಾ ಒಳಗೊಳಗೇ ಹಿಗ್ಗಿದಳು. ಆದರೆ ಮುದುಕಿ ಚೇತರಿಸಿಕೊಂಡಳು. ಮನೆಗೆ ಕಳಿಸುವಾಗ ಡಾಕ್ಟರು ಸೊಸೆಯನ್ನೇ ಕರೆದು, "ಮಲಗಿಸಬೇಡಿ. ಎದ್ದು ಓಡಾಡಲಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳಲಿ. ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಮತ್ತೆ ಕಾಲು ಬರುವುದಿಲ್ಲ" ಎಂದರು. ಗಿರಿಜಾಂಬಿಕಾ ತಲೆಯಾಡಿಸಿದಳು. ಬಿಳಿಗೆರೆಗೆ ಬಂದು ಗಂಡ ಸದಾಶಿವಯ್ಯನಿಗೆ ಹೇಳಿದ್ದೇ ಬೇರೆ.

"ಅಲುಗಾಡಿಸ್ಲೇಬಾರ್ದಂತೆ ಕಣ್ರೀ."

ಕೊಬ್ಬರಿ ಮಾಡುವವನಿಗೆ ಅದು ಎಷ್ಟು ಸಲೀಸಾಗಿ ಒಳಗಿಳಿಯಿತು! ಅಟ್ಟದ ಮೇಲೆ ವರ್ಷವಿಡೀ ಕದಲದೆ ಬಿದ್ದಿದ್ದರೆ ತಾನೇ ಕಾಯಿಯೊಳಗೆ ಕೊಬ್ಬರಿ ಕೂರುವುದು? "ಅದು ಸರೀನೇ. ಅವ್ವನ್ನ ಏಳಿಸ್ಲೇಬೇಡ" ಎಂದ ಆ ಮಹಾನುಭಾವ.

ಸೊಸೆಯ ಕಣ್ಣಿದ್ದದ್ದು ಆ ಅಟ್ಟದ ಮೇಲೆಯೇ. ಏಣಿ ಹತ್ತಿ, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಇದನ್ನು ಸುಲಿಯಿರಿ, ಅದು ಇನ್ನೂ ಹಸಿ ಎನ್ನುವ ಯಜಮಾನಿಕೆ ಅತ್ತೆಯದು. ಹಸಿ ಬಾಣಂತಿಯೆಂದೂ ನೋಡದೆ ತನ್ನನ್ನು ಎಬ್ಬಿಸಿ ಏಣಿ ಹಿಡಿಸಿದ್ದನ್ನು ಗಿರಿಜಾಂಬಿಕಾ ಮರೆತಿರಲಿಲ್ಲ.

"ಕೋಲು ಕೊಡೇ, ಬಚ್ಚಲಿಗೆ ನಾನೇ ಹೋಯ್ತೀನಿ."

"ಬುಡಿ ಅತ್ತೆ, ನಾನಿಲ್ವಾ?"

ಕೋಲು ಒಲೆಗೆ ಹೋಯಿತು. ಬಚ್ಚಲಿನ ಬದಲು ಮಗ್ಗುಲಿಗೇ ಬೋಸಿ ಬಂತು. ತುತ್ತು ಮಾಡಿ ಬಾಯಿಗಿಟ್ಟಳು. ಮುದುಕಿ ಬೈದಳು, ಅತ್ತಳು. ನೋಡಲು ಬಂದ ಹೆಂಗಸರು, "ಇಂಥ ಸೊಸೆ ಸಿಗಕ್ಕೆ ಪುಣ್ಯ ಮಾಡಿರ್ಬೇಕು ಕಣಕ್ಕ" ಎಂದು ಆ ಬಾಯನ್ನೂ ಮುಚ್ಚಿಸಿದರು.

ಒಂದು ಮಧ್ಯಾಹ್ನ ಸಿದ್ದಗಂಗಮ್ಮ ಗೋಡೆ ಹಿಡಿದು ಎದ್ದಳು. ಕಾಲು ನಿಲ್ಲಲಿಲ್ಲ, ದೊಪ್ಪನೆ ಬಿದ್ದಳು. ಬಾಗಿಲಲ್ಲೇ ನಿಂತು ನೋಡುತ್ತಿದ್ದ ಗಿರಿಜಾಂಬಿಕಾ ಸಾವಕಾಶವಾಗಿ ಬಂದು ಎತ್ತಿದಳು. ಅಂದಿನಿಂದ ಮುದುಕಿ ಏಳುವ ಮಾತೇ ಆಡಲಿಲ್ಲ.

ಸೊಸೆ ಅಟ್ಟದ ಯಜಮಾನಿಯಾದಳು. ಮುದುಕಿ ಇನ್ನೆಷ್ಟು ದಿನ, ಮಳೆಗಾಲ ಕಳೆದರೆ ಹೆಚ್ಚು ಎಂಬುದು ಅವಳ ಲೆಕ್ಕ. ಅವಳು ಮೇಲೆ ಕಾಯಿ ಆರಿಸುತ್ತಿದ್ದಾಗಲೇ ಸದಾಶಿವಯ್ಯ ಊರಿಗೆ ಬಂದಿದ್ದ ಬೇರೊಬ್ಬ ಡಾಕ್ಟರನ್ನು ಕರೆತಂದು ತಾಯಿಯನ್ನು ತೋರಿಸಿದ.

"ಕಾಲು ಹೋಗಿದೆ, ಇನ್ನು ಬರುವುದಿಲ್ಲ. ಆದರೆ ಎದೆ ಗುಂಡುಕಲ್ಲಿನ ಹಾಗಿದೆ. ಹೀಗೇ ನೋಡಿಕೊಂಡರೆ ಇನ್ನು ಹದಿನೈದು ವರ್ಷ ಏನೂ ಭಯವಿಲ್ಲ."

ಅಟ್ಟದ ಮೇಲೆ ಅದನ್ನು ಕೇಳಿಸಿಕೊಂಡ ಗಿರಿಜಾಂಬಿಕಾ ಕಿವಿಯ ಬಳಿ ಹಿಡಿದಿದ್ದ ಕಾಯಿಯನ್ನು ಕೆಳಗಿಟ್ಟಳು.

"ಗಿರಿಜಾ, ಒದ್ದೆಯಾಯ್ತು ಕಣೇ," ಕೆಳಗಿನಿಂದ ಅತ್ತೆಯ ದನಿ ಬಂತು.

ಇಳಿದು ಬಂದಳು. ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದ ಮುದುಕಿಯ ಸೀರೆ ಬದಲಿಸುತ್ತಾ ಗಿರಿಜಾಂಬಿಕಾ ಅತ್ತಳು. ಅತ್ತದ್ದು ಮುದುಕಿಗಾಗಿ ಅಲ್ಲ.