ಇಟ್ಟಿಗೆ ಎತ್ತರದ ಮೆಟ್ಟಿಲು

ಮೂವತ್ತೈದು ವರ್ಷದ ಸಂಸಾರದಲ್ಲಿ ಸಾವಿತ್ರಿಬಾಯಿ ಗಂಡನಿಗೆ ಹೇಳಿದ ಸುಳ್ಳುಗಳೆಲ್ಲ ಸಣ್ಣಪುಟ್ಟವೇ. ಮಗ ಮುತ್ತು ಬೀಡಿ ಮುಟ್ಟುವುದಿಲ್ಲ ಎಂದದ್ದು, ತನಗೆ ಮೊಣಕಾಲು ನೋಯುವುದಿಲ್ಲ ಎಂದದ್ದು, ಇಂಥವೇ. ಆದರೆ ಸಾದಡಪಾಡಾದ ಕಾಡಿನಲ್ಲಿ ಹೇಳಿದ ಒಂದು ಸುಳ್ಳು ಮಾತ್ರ ಇನ್ನೂರ ಎಂಬತ್ತು ಕಲ್ಲಿನ ಮೆಟ್ಟಿಲಾಗಿ ಗುಡ್ಡದಿಂದ ಕೆಳಗಿಳಿದಿತ್ತು. ಅದನ್ನು ಅಳೆಯಲು ಈ ಭಾನುವಾರ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಟೇಪು ಹಿಡಿದು ಬರುವವರಿದ್ದರು.

ಸಾದಡಪಾಡಾ ನಾಸಿಕದಿಂದ ಪಡುವಣಕ್ಕೆ, ಘಟ್ಟದ ಅಂಚಿನಲ್ಲಿರುವ ನಲವತ್ತು ಮನೆಗಳ ಹಾಡಿ. ಅಲ್ಲಿ ಬಿದ್ದ ಮಳೆ ಗೋದಾವರಿಯ ಕಡೆ ತಿರುಗಿಯೂ ನೋಡುವುದಿಲ್ಲ, ತೇಗ ಮತ್ತಿ ಬಿದಿರಿನ ಕಣಿವೆಯಲ್ಲಿ ಜಾರಿ ಸೀದಾ ಕಡಲಿನ ದಾರಿ ಹಿಡಿಯುತ್ತದೆ. ಆ ಕಣಿವೆಯೊಳಗೆ, ನೀರಿನ ಒರತೆಯವರೆಗೂ ಅಲ್ಲಿಂದ ಮುಂದೆ ನೀರು ಧುಮುಕುವ ಅಬ್ಬಿಯವರೆಗೂ, ಮಕ್ಕಳು ಮುದುಕರು ಎಲ್ಲರೂ ನಡೆಯಬಹುದಾದ ಒಂದು ಕಾಲುದಾರಿ ಮಾಡಬೇಕೆಂದು ಅರಣ್ಯದವರು ಹೊರಟಿದ್ದರು. ಪೇಟೆಯ ಕುಟುಂಬಗಳು ಬರಲಿ, ಹಾಡಿಯ ಹೆಂಗಸರು ಭಾಕರಿ ಚಟ್ನಿ ಮಾಡಿ ಮಾರಲಿ ಎಂಬುದು ಲೆಕ್ಕಾಚಾರ. ಒರತೆಯವರೆಗಿನ ಮೊದಲ ಭಾಗದ ಕಲ್ಲಿನ ಕೆಲಸ ಧರ್ಮಣ್ಣನಿಗೆ ಬಂತು.

ಧರ್ಮಣ್ಣ ಮುದ್ದೇಬಿಹಾಳದ ಕಡೆಯ ಕಲ್ಲಿನ ಮೇಸ್ತ್ರಿ. ನಾಸಿಕದ ಅಂಬಡದಲ್ಲಿ, ಬಾಡಿಗೆ ಖೋಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಆ ಕಡೆಯ ಕಾರ್ಖಾನೆಗಳಿಗೆ ಅವನು ಕಟ್ಟಿದ ಕಂಪೌಂಡು ಗೋಡೆಗಳನ್ನು ಒಂದಕ್ಕೊಂದು ಜೋಡಿಸಿದರೆ ಅವನ ಊರು ಮುಟ್ಟೀತು. ಆದರೆ ಗೋಡೆ ಮುಗಿದ ಮರುದಿನವೇ ಅದೇ ಗೇಟಿನ ವಾಚ್‌ಮನ್ ‘ಯಾರು ನೀನು’ ಎಂದು ಕೇಳುತ್ತಾನೆ. ತನ್ನ ಕೈಯ ಕೆಲಸದ ಮೇಲೆ ಯಾರು ಬೇಕಾದರೂ ಕಾಲಿಟ್ಟು ನಡೆಯಬಹುದು ಎಂಬುದು ಅವನಿಗೆ ಇದೇ ಮೊದಲು. ಹಾಗಾಗಿ ಅವನ ಗತ್ತೇ ಬೇರೆಯಾಗಿತ್ತು. ಒಂದೊಂದು ಕಲ್ಲು ಕೂರಿಸಿದ ಮೇಲೂ ಅದರ ನಾಲ್ಕು ಮೂಲೆಗೆ ಹಿಮ್ಮಡಿಯಿಂದ ಒದ್ದು ಕಿವಿಗೊಡುತ್ತಿದ್ದ. ‘ಟಕ್’ ಎಂದಿತೋ, ಕಿತ್ತು ಮತ್ತೆ ಕೂರಿಸುತ್ತಿದ್ದ.

“ಕಲ್ಲ ಮಾತಾಡಬಾರ್ದು. ಮಾತಾಡೂದು ಮಂದಿ ಕೆಲಸ,” ಎನ್ನುತ್ತಿದ್ದ.

ಈ ಕೆಲಸದ ಇಂಜಿನಿಯರು ರಾಕೇಶ, ನಾಸಿಕದ ಹುಡುಗ, ಒಳ್ಳೆಯವನೇ. ಒಂದೇ ದೋಷವೆಂದರೆ, ಓದಿದವರಿಗೆ ಇರುವ ಒಂದು ಖಯಾಲಿ ಅವನಿಗೂ ಇತ್ತು. ಓದು ಬಾರದವರ ಜತೆ ಇಂಚು ಸೆಂಟಿಮೀಟರು ಆಡಬಾರದು, ಅವರದೇ ಹಳೆಯ ಅಳತೆಯಲ್ಲಿ ಮಾತಾಡಬೇಕು ಎಂದುಕೊಂಡಿದ್ದ. ಧರ್ಮಣ್ಣನಿಗೆ ಇಂಚುಪಟ್ಟಿ ನೀರು ಕುಡಿದಷ್ಟು ಸಲೀಸು ಎಂದು ಅವನಿಗೇನು ಗೊತ್ತು! ಮೂರನೆಯ ದಿನ ಬಂದು ದಾರಿಯ ಗುರುತು ಹಾಕಿಕೊಟ್ಟು, ಬೇರೆ ಕೆಲಸಕ್ಕೆಂದು ಎರಡು ತಿಂಗಳಿಗೆ ಸಟಾಣಾಕ್ಕೆ ಹೋದ. ಅಲ್ಲಿಂದ ಫೋನು ಮಾಡಿದ.

ಹಾಡಿಯಲ್ಲಿ ನೆಟ್‌ವರ್ಕು ಸಿಗುವುದು ಒಂದೇ ಬಂಡೆಯ ಮೇಲೆ, ಅದೂ ದೇವರ ದಯೆ ಇದ್ದರೆ. ಧರ್ಮಣ್ಣ ಬಂಡೆ ಹತ್ತಿ, ಸ್ಪೀಕರು ಹಾಕಿ, ಫೋನನ್ನು ತಟ್ಟೆಯಂತೆ ಹಿಡಿದು ನಿಂತ. ಕೆಳಗೆ ಸಾವಿತ್ರಿಬಾಯಿ ಕಲ್ಲಿನ ಬುಟ್ಟಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. ಗರಗರ ಸದ್ದಿನ ನಡುವೆ ರಾಕೇಶನ ಮರಾಠಿ ತುಂಡುತುಂಡಾಗಿ ಬಂತು: “ಮಿಸ್ತ್ರಿ, ಏಕ್ ಪಾಯರಿ... ಏಕ್ ವೀ... ಉಂಚ್.” ಫೋನು ಕಟ್ಟಾಯಿತು.

ಒಂದು ಮೆಟ್ಟಿಲು ಒಂದು ‘ವೀ’ ಎತ್ತರ. ಧರ್ಮಣ್ಣ ಹುಬ್ಬು ಗಂಟಿಕ್ಕಿದ.

“ವೀಟ್ ಅಂದ್ರಲಾ? ವೀಟ್ ಅಂದ್ರ ಇಟ್ಟಂಗಿ. ಒಂದ ಇಟ್ಟಂಗಿ ಎತ್ತರ ಇಡ್ರಿ ಅಂತಾರೇನ?”

ಸಾವಿತ್ರಿಬಾಯಿಗೆ ಪೂರ್ತಿ ಕೇಳಿಸಿತ್ತು. ಅವನು ಹೇಳಿದ್ದು ವೀಟ್ ಅಲ್ಲ, ವೀತ್. ವೀತ್ ಎಂದರೆ ಗೇಣು. ಅಂಬಡದಲ್ಲಿ ಅವಳ ಜತೆ ಬುಟ್ಟಿ ಹೊರುವ ಮರಾಠಿ ಹೆಂಗಸರು ದಿನಕ್ಕೆ ಹತ್ತು ಸಲ ಅನ್ನುವುದುಂಟು, ‘ಈ ವೀತ್‌ಭರ ಹೊಟ್ಟೆಗಾಗಿ ಎಲ್ಲಾ’ ಎಂದು. ಇವಳೂ ‘ಹೌದವ್ವಾ, ಗೇಣು ಹೊಟ್ಟಿ’ ಎಂದು ನಕ್ಕು ಬುಟ್ಟಿ ಎತ್ತುತ್ತಿದ್ದಳು. ಗಂಡಸರು ಮೇಸ್ತ್ರಿಗಳಾದರೆ ಸಾಮಾನಿನ ಹೆಸರು ಕಲಿಯುತ್ತಾರೆ. ಹೊಟ್ಟೆಯ ಮಾತು ಹೆಂಗಸರಿಗೇ ಸಿಕ್ಕುವುದು.

ಹೇಳಲೆಂದು ಬಾಯಿ ತೆರೆದಳು. ಆಗಲೇ ಒರತೆಯ ಕಡೆಯಿಂದ ಹಾಡಿಯ ಒಬ್ಬ ಬಾಣಂತಿ ಕಂಕುಳಲ್ಲಿ ಕೂಸು, ತಲೆಯ ಮೇಲೆ ಕೊಡ ಇಟ್ಟುಕೊಂಡು ಆ ಕಡಿದಾದ ದಾರಿ ಏರಿ ಬರುತ್ತಿದ್ದಳು. ಎತ್ತರದ ಬಂಡೆ ಬಂದಲ್ಲೆಲ್ಲ ಅಡ್ಡ ತಿರುಗಿ, ಮೊಣಕಾಲಿಗೆ ಅಂಗೈ ಊರಿ, ಹಲ್ಲು ಕಚ್ಚಿ ಮೈಯನ್ನು ಮೇಲಕ್ಕೆ ಎತ್ತುತ್ತಿದ್ದಳು. ಗೇಣೆತ್ತರದ ಮೆಟ್ಟಿಲನ್ನು ಹೊರೆ ಹೊತ್ತು ಏರುವುದು ಹೇಗಿರುತ್ತದೆಂದು ಸಾವಿತ್ರಿಬಾಯಿಯ ಕಾಲುಗಳಿಗೆ ಚೆನ್ನಾಗಿ ಗೊತ್ತು. ಗೇಣಿನ ಮೆಟ್ಟಿಲು ಹಾಕಿಸುವವರು ಬರಿಗೈಯಲ್ಲಿ ಏರುವವರು.

“ಹ್ಞೂಂ, ಇಟ್ಟಂಗೀನ ಅಂದ್ರು,” ಎಂದಳು.

ಧರ್ಮಣ್ಣ ಅನುಮಾನಿಸಲಿಲ್ಲ. ಇಟ್ಟಿಗೆಯನ್ನು ಮಗ್ಗುಲಿಗೆ ನಿಲ್ಲಿಸಿದರೆ ನಾಲ್ಕೂವರೆ ಇಂಚು, ಗೇಣಿನ ಅರ್ಧ. ಮೆಟ್ಟಿಲು ತಗ್ಗಾದರೆ ದಾರಿ ಉದ್ದವಾಗಲೇಬೇಕು. ಸಾಹೇಬರ ನೆಟ್ಟಗಿನ ಗುರುತು ಬಿಟ್ಟು, ಹಳೆಯ ಮತ್ತಿ ಮರಗಳನ್ನು ಸುತ್ತಿ, ಬಂಡೆಯ ನೆರಳು ಹಿಡಿದು ಏಳು ತಿರುವಿನಲ್ಲಿ ದಾರಿ ಇಳಿಸಿದ. ನೂರ ನಲವತ್ತು ಮೆಟ್ಟಿಲಿನ ಜಾಗದಲ್ಲಿ ಇನ್ನೂರ ಎಂಬತ್ತಾದವು. ಕಲ್ಲೂ ಎರಡು ಪಟ್ಟು ಬೇಕಾಯಿತು. ಅದನ್ನು ಹೊತ್ತವಳು ಯಾರು? ಸುಳ್ಳು ಹೇಳಿದವಳೇ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಮಹರಾಯಿತಿಯರಿಗೂ ಅನ್ವಯಿಸುತ್ತದೆ. ಎರಡು ತಿಂಗಳು ಅವಳು ತುಟಿ ಪಿಟಕ್ಕೆನ್ನದೆ ಹೊತ್ತಳು. ಪ್ರತಿ ತಿರುವು ಮುಗಿದಾಗಲೂ ಎದೆಯುಬ್ಬಿ ಬರುತ್ತಿತ್ತು. ಅದರ ಬೆನ್ನಿಗೇ ಭಯವೂ ಬರುತ್ತಿತ್ತು.

ಈಗ ಆ ಭಾನುವಾರ ಬಂದೇ ಬಿಟ್ಟಿತ್ತು. ಅರಣ್ಯದ ಅಧಿಕಾರಿ ಮೃದುಲಾ ಮೇಡಂ ನಾಸಿಕದಿಂದ ಆರು ಕುಟುಂಬಗಳನ್ನು ಕರೆತಂದಿದ್ದರು. ಮುತ್ತುವೂ ಅಂಬಡದಿಂದ ಆರು ವರ್ಷದ ಮಗಳು ಪ್ರಿಯಾಳನ್ನು ಕರೆದುಕೊಂಡು ಬಂದಿದ್ದ. ಧರ್ಮಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊದಲ ಮೆಟ್ಟಿಲಿನ ಪಕ್ಕದಲ್ಲಿ ಮದುವೆಮನೆಯ ಯಜಮಾನನಂತೆ ನಿಂತಿದ್ದ.

ರಾಕೇಶ ಮಂಡಿಯೂರಿ ಟೇಪು ಹಿಡಿದ. ಎರಡನೆಯದಕ್ಕೆ ಹಿಡಿದ. ಐದನೆಯದಕ್ಕೆ ಬರುವಷ್ಟರಲ್ಲಿ ಅವನ ಮುಖ ಕೆಂಪೇರಿತ್ತು.

“ಮಿಸ್ತ್ರಿ, ಇದೇನಿದು? ಒಂದು ವೀತ್ ಅಂತ ಹೇಳಿರಲಿಲ್ಲವೇ? ಇದು ಅರ್ಧ! ದಾರಿಯೂ ಎಲ್ಲೆಲ್ಲೋ ಹೋಗಿದೆ!” ಎಂದು ಮರಾಠಿಯಲ್ಲಿ ಕೂಗಿದ.

“ನೀವು ವೀಟ್ ಅಂದ್ರಿ, ಸಾಹೇಬ್ರ. ಇಟ್ಟಂಗಿ ಅಂದ್ರಿ.”

ನಾಸಿಕದಿಂದ ಬಂದವರಲ್ಲಿ ಯಾರೋ ಕಿಸಕ್ಕೆಂದರು. ಇನ್ನಿಬ್ಬರು ಸೇರಿಕೊಂಡರು. ಗೇಣಿಗೂ ಇಟ್ಟಿಗೆಗೂ ವ್ಯತ್ಯಾಸ ತಿಳಿಯದ ಮೇಸ್ತ್ರಿ ಎಂದರೆ ಯಾರಿಗೆ ನಗು ಬರುವುದಿಲ್ಲ? ಧರ್ಮಣ್ಣ ಮಾತ್ರ ನೆಲ ನೋಡುತ್ತ ನಿಂತ. ಕೆಲಸದಲ್ಲಿ ಅವನನ್ನು ಬೈದವರುಂಟು, ನಕ್ಕವರು ಇರಲಿಲ್ಲ.

“ತಪ್ಪ ನಂದ ಆಗೇದ್ರಿ,” ಎಂದ ನಿಧಾನವಾಗಿ. “ನನ್ನ ಕಿವೀನ ಸರಿ ಕೇಳಲಿಲ್ಲ. ಅಷ್ಟೂ ಕಿತ್ತು ನಾನ ಮತ್ತ ಕೂಡಸ್ತೀನಿ. ನನ್ನ ಹೆಸರ ಕೆಡಸ್ಕೊಳ್ಳೂದಿಲ್ಲ.”

ಸಾವಿತ್ರಿಬಾಯಿ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಮೆಟ್ಟಿಲೂ ಹೋಗುತ್ತದೆ, ಗಂಡನ ಮಾನವೂ ಹೋಗುತ್ತದೆ. ಬಾಯಿ ಬಿಟ್ಟರೆ ತನ್ನ ಮೇಲೆ ಅವನಿಗಿರುವ ನಂಬಿಕೆ ಹೋಗುತ್ತದೆ. ಅವಳು ಸೆರಗು ಬಿಗಿದು ಮುಂದೆ ಬಂದಳು. ಮರಾಠಿಯನ್ನು ಕನ್ನಡದಲ್ಲಿ ಅದ್ದಿ ತೆಗೆದ ಅವಳ ಭಾಷೆ ಎಲ್ಲರಿಗೂ ಅರ್ಥವಾಯಿತು.

“ತಪ್ಪ ಅವರದಲ್ಲ ಸಾಹೇಬ್ರ. ನಂಗ ಖರೇನ ಕೇಳಿತ್ತು, ವೀತ್ ಅಂತನ ಕೇಳಿತ್ತು. ಅವರು ಇಟ್ಟಂಗಿ ಏನ ಅಂತ ನನ್ನ ಕೇಳಿದ್ರು. ನಾ ಹೌದಂದೆ. ಬೇಕಂತನ ಅಂದೆ.”

“ಮುದ್ದಾಮ್?” ಎಂದರು ಮೃದುಲಾ ಮೇಡಂ. ಬೇಕೆಂದೇ?

“ಹೌದ್ರಿ ಮೇಡಂ, ಮುದ್ದಾಮ್. ಇದು ಎಲ್ಲಾರೂ ನಡಿಯೂ ದಾರಿ ಅಂದ್ರಿ. ಎಲ್ಲಾರೂ ಅಂದ್ರ ಕೂಸ ಎತ್ತಿಕೊಂಡಾಕಿ ಬರಬೇಕೋ ಬ್ಯಾಡೋ? ಮೊಣಕಾಲ ಹೋದವರು ಬರಬೇಕೋ ಬ್ಯಾಡೋ? ಗೇಣ ಗೇಣ ಇಟ್ರ ಗಟ್ಟಿ ಗಂಡಸರು ಅಷ್ಟ ಹತ್ತತಾರ. ಉಳಿದವರು ಮ್ಯಾಲ ಕುಂತು ಚಾ ಕುಡೀಬೇಕಾಗ್ತದ. ಕಲ್ಲ ಎರಡ ಪಟ್ಟು ಆತು, ಅದನ್ನ ನಾನ ಹೊತ್ತೀನಿ. ಕೀಳೂದಾದ್ರ ಮೊದಲ ಒಂದ ಸಲ ನಡದು ನೋಡ್ರಿ.”

ಧರ್ಮಣ್ಣ ಅವಳನ್ನೇ ನೋಡಿದ. ಆ ನೋಟದಲ್ಲಿ ಏನಿತ್ತೆಂದು ಅವಳಿಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ.

ಮೃದುಲಾ ಮೇಡಂ ರಾಕೇಶನ ಕೈಯಿಂದ ಟೇಪು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. “ಎಲ್ಲರೂ ಒರತೆಯವರೆಗೆ ಇಳಿದು ಹತ್ತಿ ಬನ್ನಿ. ಆಮೇಲೆ ನಿರ್ಧಾರ ಮಾಡೋಣ,” ಎಂದು ತಾವೂ ಹೊರಟರು. ಒಬ್ಬ ಅಜ್ಜನಿಗೆ ಮಂಡಿಯ ಆಪರೇಷನ್ ಆಗಿ ವರ್ಷವಾಗಿತ್ತಷ್ಟೇ. ಮನೆಯವರು ‘ನೀವು ಇಲ್ಲೇ ಕೂತಿರಿ’ ಎಂದರೂ ಅವರು ಕೋಲು ಊರಿಕೊಂಡು ಹಿಂದೆಯೇ ನಡೆದರು.

ಮೇಲೆ ಉಳಿದವರು ಗಂಡ ಹೆಂಡತಿ ಇಬ್ಬರೇ. ಧರ್ಮಣ್ಣ ಅತ್ತ ಮುಖ ಮಾಡಿ ಕೂತ. ತಿರುಗದೆಯೇ ಮಾತಾಡಿದ.

“ಇಷ್ಟ ವರ್ಷದಾಗ ನಂಗ ಸುಳ್ಳ ಹೇಳಿದಿ ಅಂದಂಗಾತು.”

“ಭಾಳ ಹೇಳೀನ್ರಿ. ಇದೊಂದು ಸಿಕ್ಕಬಿದ್ದದ.”

“ನಂಗ್ಯಾಕ ಹೇಳಲಿಲ್ಲ? ಖರೇ ಕಾರಣ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?”

“ಅಂತಿದ್ರಿ,” ಎಂದಳು ಸಾವಿತ್ರಿಬಾಯಿ. “ಬುಟ್ಟಿ ಹೊರಾಕಿಗೆ ಅಳತಿ ಏನ ತಿಳೀತದ ಅಂತಿದ್ರಿ. ಕಟ್ಟೂ ಕೆಲಸದಾಗ ನೀವು ನನ್ನ ಏನಾರ ಕೇಳಿದ್ದಂದ್ರ ಅವತ್ತ ಒಂದ ದಿನ. ಅದೂ ನೆಟ್‌ವರ್ಕ್ ಸರಿ ಇದ್ದಿದ್ದಿಲ್ಲ ಅಂತ.”

ಧರ್ಮಣ್ಣ ಕೂತಲ್ಲಿಂದ ಕಣಿವೆಯ ಕಡೆ ಕಿವಿಗೊಟ್ಟ. ಅವಳೂ ಕಿವಿಗೊಟ್ಟಳು. ಮಕ್ಕಳ ಕಲಕಲ ದೂರವಾಯಿತು, ನಿಂತಿತು, ಅರ್ಧ ತಾಸಿನ ಮೇಲೆ ಮತ್ತೆ ಹತ್ತಿರವಾಗತೊಡಗಿತು.

ಎಲ್ಲರಿಗಿಂತ ಮೊದಲು ಬಂದದ್ದು ಪ್ರಿಯಾ. ಕೈ ಊರದೆ, ಒಂದು ಮೆಟ್ಟಿಲಿಗೆ ಒಂದೇ ಕಾಲಿಡುತ್ತ, ದೊಡ್ಡವರ ಹಾಗೆ ನಡೆದು ಬಂದಳು. “ಆಜಿ, ನನ್ನ ಯಾರೂ ಎತ್ಕೊಳ್ಳಲಿಲ್ಲ!” ಎಂದು ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲೇ ಕೂಗಿ ಹೇಳಿದಳು. ಅವಳ ಹಿಂದೆ ಮಕ್ಕಳು, ಅವರ ಹಿಂದೆ ತಾಯಂದಿರು. ಗುಡ್ಡ ಹತ್ತಿದವರು ಏದುಸಿರು ಬಿಡಬೇಕಲ್ಲ, ಇವರು ಹರಟೆ ಹೊಡೆಯುತ್ತ ಬಂದರು. ಕೊನೆಗೆ ಕೋಲಿನ ಅಜ್ಜ ಕಾಣಿಸಿಕೊಂಡರು. ಕೋಲು ಮೊಮ್ಮಗನ ಕೈಯಲ್ಲಿತ್ತು. ಮೇಲೆ ಬಂದು ನಿಂತು, ಹಿಂದಿರುಗಿ ಕಣಿವೆ ನೋಡಿ, “ಹತ್ತುವ ಜಾಗ ಇನ್ನೂ ಮುಂದಿದೆಯೇ?” ಎಂದು ಕೇಳಿದರು.

ಈ ಸಲ ನಕ್ಕವರು ಮೇಸ್ತ್ರಿಯನ್ನು ನೋಡಿ ನಗಲಿಲ್ಲ. ಸಾವಿತ್ರಿಬಾಯಿಯ ಕಣ್ಣು ತುಂಬಿ ಬಂತು. ಹೆಮ್ಮೆಯಾಯಿತು. ಮುಚ್ಚುಮರೆಯೇನು, ಬೆಟ್ಟದಷ್ಟು ಹೆಮ್ಮೆಯಾಯಿತು.

“ಒಂದು ಕಲ್ಲನ್ನೂ ಕೀಳಬಾರದು,” ಎಂದರು ಮೃದುಲಾ ಮೇಡಂ. ರಾಕೇಶ ತಲೆ ಕೆರೆದುಕೊಂಡ. ಬುದ್ಧಿವಂತ ಹುಡುಗ, ಸೋಲು ಒಪ್ಪಿಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ತನ್ನ ಚೀಲದಿಂದ ಒಂದು ನಕ್ಷೆ ತೆಗೆದು ಧರ್ಮಣ್ಣನ ಮುಂದೆ ಹರಡಿದ. ಒರತೆಯಿಂದ ಅಬ್ಬಿಯವರೆಗಿನ ಎರಡನೆಯ ಭಾಗ ಇನ್ನೂ ಬಾಕಿಯಿತ್ತು, ಅದು ಇದಕ್ಕಿಂತ ಕಡಿದು.

“ಮಿಸ್ತ್ರಿ, ಈ ಸಲ ಫೋನು ಬೇಡ,” ಎಂದ. “ಇಲ್ಲೇ ಹೇಳಿಬಿಡಿ. ಇಲ್ಲಿ ಮೆಟ್ಟಿಲು ಎಷ್ಟು ಎತ್ತರ ಇಡೋಣ?”

ಧರ್ಮಣ್ಣ ನಕ್ಷೆ ನೋಡಿದ. ನೆರೆದ ಮಂದಿಯನ್ನು ನೋಡಿದ. ಆಮೇಲೆ ಅದನ್ನು ಎರಡು ಕೈಯಿಂದ ಎತ್ತಿ, ಸುತ್ತಿ, ಹೆಂಡತಿಯ ಕಡೆ ಚಾಚಿದ.

“ನನ್ನ ಕೇಳಬ್ಯಾಡ್ರಿ ಸಾಹೇಬ್ರ,” ಎಂದ, ಎಲ್ಲರಿಗೂ ಕೇಳುವಂತೆ. “ಮಿಸ್ತ್ರೀನ್ನ ಕೇಳ್ರಿ.”