ಎಡಗಡೆಯ ಸೀಟು

ನಾನು ಒಂದು ಕಾರು. ಬರೀ ಕಾರು ಎಂದರೆ ನನ್ನನ್ನು ಮಾಡಿದವರಿಗೆ ಬೇಸರವಾದೀತು. ನಾಲ್ಕು ಬಾಗಿಲು, ಆರು ಸಿಲಿಂಡರು, ಓಡುವುದಕ್ಕೆಂದೇ ಹದಗೊಳಿಸಿದ ಮೈ. ನನ್ನಂಥವರನ್ನು ಸ್ಪೋರ್ಟ್ಸ್ ಸೆಡಾನ್ ಅನ್ನುತ್ತಾರೆ. ನನ್ನ ಅಂಗಾಂಗಗಳು ಜರ್ಮನಿಯಿಂದ ಹಡಗಿನಲ್ಲಿ ಬಂದವು. ಚೆನ್ನೈ ಹತ್ತಿರದ ಕಾರ್ಖಾನೆಯೊಂದರಲ್ಲಿ ಅವನ್ನು ಕೂಡಿಸಿದರು. ಮೊದಲ ಸಲ ನನ್ನ ಎಂಜಿನ್ ಚಾಲೂ ಮಾಡಿದ ಹೆಣ್ಣುಮಗಳು ತಲೆ ಓರೆ ಮಾಡಿ ಸದ್ದು ಕೇಳಿಸಿಕೊಂಡು, ಒಳಗೊಳಗೇ ನಕ್ಕಳು. ಆ ನಗೆಯೇ ನನ್ನ ಮೊದಲ ನೆನಪು.

ನನ್ನನ್ನು ಹೊಸದಾಗಿ ಕೊಂಡವರು ಹೊಸಪೇಟೆಯ ಅದಿರಿನ ವ್ಯಾಪಾರಿ. ಅವರು ಎಂದೂ ಸ್ಟೀರಿಂಗ್ ಮುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಚಾಲಕ ಸ್ವಲ್ಪ ವೇಗ ಹೆಚ್ಚಿಸಿದರೆ ಗದರುತ್ತಿದ್ದರು. ಕೆಂಪು ಧೂಳು ತಿನ್ನುತ್ತ, ಅದಿರಿನ ಲಾರಿಗಳ ಹಿಂದೆ ತೆವಳುತ್ತ ನನ್ನ ಯೌವನ ಕಳೆಯಿತು. ಗಣಿಗಳು ಮುಚ್ಚಿದ ಮೇಲೆ ಅದೂ ಇಲ್ಲ. ಹೊದಿಕೆ ಹಾಕಿ ಶೆಡ್ಡಿನಲ್ಲಿ ನಿಲ್ಲಿಸಿದರು. ಇಲಿಗಳು ಬಂದು ವೈರು ಕಡಿದವು. ನಾನು ಹಾಗೆ ಕತ್ತಲಲ್ಲಿ ನಿಂತಿರುವಾಗಲೇ ನನ್ನ ವಂಶದಲ್ಲಿ ಮುಂದಿನ ತಲೆಮಾರು ಹುಟ್ಟಿಬಿಟ್ಟಿತಂತೆ. ಓಡುವ ಮೊದಲೇ ನಾನು ಹಳಬನಾದೆ.

ಆ ಹೊದಿಕೆಯನ್ನು ಎತ್ತಿದವರು ಮಹಾರುದ್ರ ಬಾಳಿಕಾಯಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅವರದು ಟೈರಿನ ಅಂಗಡಿ. ಆದರೆ ಊರಿಗೆಲ್ಲ ಅವರು ಗೊತ್ತಿದ್ದದ್ದು ಪತ್ರಿಕೆಯಲ್ಲಿ ವಾರವಾರ ಕಾರುಗಳ ಬಗ್ಗೆ ಬರೆಯುವವರೆಂದು. ಯಾವುದನ್ನು ಹೊಸದಾಗಿ ಕೊಳ್ಳಬೇಕು, ಯಾವುದರ ಹಳೆಯ ತಲೆಮಾರೇ ಮೇಲು ಎಂದು ಅವರು ಬರೆದರೆ ಜನ ಕಣ್ಣು ಮುಚ್ಚಿ ನಂಬುತ್ತಿದ್ದರು. ಅವರು ನನ್ನ ಬಾಗಿಲುಗಳ ಸಂದಿನಲ್ಲಿ ಬೆರಳಾಡಿಸಿದರು. ಬಾನೆಟ್ ಎತ್ತಿ ಎಣ್ಣೆ ಜಿನುಗಿದೆಯೇ ಎಂದು ಬಗ್ಗಿ ನೋಡಿದರು. ರಬ್ಬರುಗಳನ್ನು ಹಿಚುಕಿದರು. ಆಮೇಲೆ ಕೊಪ್ಪಳದ ದಾರಿಗೆ ನನ್ನನ್ನು ತಿರುಗಿಸಿ, ರಸ್ತೆ ಖಾಲಿಯಾದದ್ದೇ ಕಾಲು ಒತ್ತಿದರು.

ಅಂದು ನಾನು ಮೊದಲ ಸಲ ಓಡಿದೆ. ಅವರ ಅಂಗೈ ನನ್ನ ಸ್ಟೀರಿಂಗಿನ ಮೇಲೆ ಹಗುರಾಗಿ ಕೂತಿತ್ತು; ರಸ್ತೆಯ ಪ್ರತಿಯೊಂದು ಉಬ್ಬನ್ನೂ ನಾನು ಆ ಅಂಗೈಗೆ ಮುಟ್ಟಿಸಿದೆ. ಆ ವಾರ ಅವರು ಬರೆದರು: ಹೊಸ ತಲೆಮಾರಿನ ಸ್ಟೀರಿಂಗ್ ಬರೀ ತಿರುಗುತ್ತದೆ, ಹಳೆಯದು ಮಾತಾಡುತ್ತದೆ.

ಅವರ ಹೆಂಡತಿ ಇಂದುಮತಿಯನ್ನು ನಾನು ಬಹಳ ದಿನ ಸರಿಯಾಗಿ ಕಂಡಿರಲೇ ಇಲ್ಲ. ಮದುವೆ ಮುಂಜಿಗೆ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಒತ್ತಿಕೊಂಡು ಕೂರುತ್ತಿದ್ದರು, ಅಷ್ಟೇ. ಭಾನುವಾರದ ಸವಾರಿ ಬಾಳಿಕಾಯಿ ಅವರೊಬ್ಬರದೇ. ಒಮ್ಮೆ ಆಕೆ ಬಾಗಿಲಿನ ಬಳಿ ಬಂದು ನಿಂತು ಕೇಳಿದರು.

"ಇವತ್ತ ನಾನೂ ಬರ್ಲೇನ್ರಿ?"

"ನಿನಗ ಇದರಾಗ ಏನ್ ತಿಳೀತೈತಿ ಇಂದು? ಸುಮ್ನ ಬ್ಯಾಸರ ಆಗ್ತೈತಿ."

ಆಕೆ ಒಳಗೆ ಹೋದರು. ಮತ್ತೆ ಕೇಳಲಿಲ್ಲ. ಇಬ್ಬರ ನಡುವೆ ಜಗಳವಿರಲಿಲ್ಲ, ಮಾತೇ ಕಡಿಮೆ. ಮಕ್ಕಳಿಲ್ಲದ ಆ ಮನೆಯಲ್ಲಿ ಒಬ್ಬರು ಕಾರುಗಳ ಜೊತೆ, ಇನ್ನೊಬ್ಬರು ರೇಡಿಯೋ ಜೊತೆ ಬದುಕುತ್ತಿದ್ದರು.

ಕೆಲವು ವರ್ಷಗಳ ನಂತರ ನನ್ನ ಎಡಗಡೆಯ ಚಕ್ರಗಳು ಫುಟ್‌ಪಾತಿಗೆ ಉಜ್ಜತೊಡಗಿದವು. ಮೊದಲು ಒಂದು ಗೀರು, ಆಮೇಲೆ ಎಡಗನ್ನಡಿ ಗೇಟಿಗೆ ತಾಗಿ ಒಡೆಯಿತು. ಬಾಳಿಕಾಯಿ ಅವರು ಗೇಟನ್ನು ಬೈದರು. ಧಾರವಾಡದ ದಾರಿಯಲ್ಲಿ ಎಡದಿಂದ ನುಗ್ಗಿದ ಮೋಟರ್ ಸೈಕಲ್ ಒಂದನ್ನು ಅವರು ಕಾಣಲೇ ಇಲ್ಲ. ಕೂಗಿ ಬ್ರೇಕು ಹಾಕಿದವನು ಆ ಹುಡುಗನೇ. ಅಂದು ಅವರ ಅಂಗೈ ಬೆವರಿದ್ದು ನನಗೆ ತಿಳಿಯಿತು. ಆ ಮನುಷ್ಯನ ನೋಟ ಎರಡೂ ಬದಿಯಿಂದ ಒಳಗೊಳಗೆ ಮುಚ್ಚಿಕೊಳ್ಳುತ್ತಿದೆ ಎಂದು ಎಲ್ಲರಿಗಿಂತ ಮೊದಲು ಅರಿತವನು ನಾನು. ಹೇಳಲು ಬಾಯಿರಲಿಲ್ಲ.

ಕಣ್ಣಿನ ಡಾಕ್ಟರರ ಬಳಿ ಗಂಡ ಹೆಂಡತಿ ಇಬ್ಬರೂ ಹೋದರು. ಹೊರಬಂದು ನನ್ನೊಳಗೆ ಕೂತರು. ಅಂದು ಇಂದುಮತಿ ಹಿಂದೆ ಕೂರದೆ ಮುಂದೆ, ಎಡಗಡೆಯ ಸೀಟಿನಲ್ಲಿ ಕೂತಿದ್ದರು.

"ಹೋದ ನೋಟ ತಿರುಗಿ ಬರೂದಿಲ್ಲಂತ," ಎಂದರು ಬಾಳಿಕಾಯಿ. "ಇದ್ದದ್ದು ಉಳಿಸ್ಕೊಳ್ಳಾಕ ಔಷಧ ಹಾಕ್ಕೋಬೇಕಂತ. ಗಾಡಿ ಓಡ್ಸೂದು ಬಿಡ್ರಿ ಅಂದ್ರು."

"ಕೇಳ್ದೆ. ನಾನೂ ಅಲ್ಲೇ ಇದ್ದೆನಲ್ರಿ."

"ಯಾರಿಗೂ ಹೇಳಬ್ಯಾಡ."

ಅವರು ಕೀಲಿ ತಿರುಗಿಸಿದರು. ಆಸ್ಪತ್ರೆಯ ಗೇಟು ದಾಟುವಾಗ, ಹೊರಗೆ ನೋಡುತ್ತ, ಯಾರ ಜೊತೆಗೋ ಹರಟುವ ದನಿಯಲ್ಲಿ ಇಂದುಮತಿ ಹೇಳಿದರು: "ಎಡಕ್ಕ ಒಬ್ಬಾಕಿ ಹೂವಿನ ಬುಟ್ಟಿ ಇಟ್ಕೊಂಡು ನಿಂತಾಳ ನೋಡ್ರಿ. ಆಕಿ ಹಿಂದ ಒಂದ್ ಆಟೋ ಬರಾಕತ್ತೈತಿ."

ಬಾಳಿಕಾಯಿ ಬ್ರೇಕು ಒತ್ತಿದರು. ಆಟೋ ದಾಟಿ ಹೋಯಿತು.

ಹಾಗೆ ಶುರುವಾಯಿತು. ತಪ್ಪೇ ಹೌದು, ಡಾಕ್ಟರರ ಮಾತು ಮೀರಿದ್ದು. ಆದರೆ ನಾನು ಕಂಡ ಮಟ್ಟಿಗೆ ಅವರಿಬ್ಬರೂ ಗಂಡ ಹೆಂಡತಿಯಾದದ್ದು ಆಮೇಲೆಯೇ. ಅವರು ಓಡಿಸುತ್ತಿದ್ದರು, ಆಕೆ ರಸ್ತೆಯನ್ನು ಹೇಳುತ್ತಿದ್ದರು. ಬರೀ ಲಾರಿ, ಬಸ್ಸು ಎನ್ನುತ್ತಿರಲಿಲ್ಲ. "ಬಸ್ ಬಂತ್ರಿ, ಕಿಟಕ್ಯಾಗ ಒಂದ್ ಕೂಸು ಬಾಳಿಹಣ್ಣ ತಿನ್ನಾಕತ್ತೈತಿ" ಅನ್ನುತ್ತಿದ್ದರು. ಬಾಳಿಕಾಯಿ ನಗುತ್ತಿದ್ದರು. ಒಮ್ಮೊಮ್ಮೆ ಖಾಲಿ ರಸ್ತೆಯಲ್ಲೂ, "ಈಗೇನ್ ಕಾಣತೈತಿ?" ಎಂದು ಸುಮ್ಮನೆ ಕೇಳುತ್ತಿದ್ದರು. "ಕಡ್ಲಿ ಹೊಲ. ಆಮ್ಯಾಲ ಮತ್ತ ಕಡ್ಲಿ ಹೊಲ," ಎನ್ನುತ್ತಿದ್ದರು ಆಕೆ. ಆ ಧ್ವನಿಗಾಗಿ ನಾನೂ ಕಾಯುತ್ತಿದ್ದೆ.

ಅಷ್ಟರಲ್ಲಿ ನನ್ನ ವಂಶದ ಇನ್ನೂ ಹೊಸ ತಲೆಮಾರು ಬಂತು. ಪತ್ರಿಕೆಗೆ ಬರೆಯಲೆಂದು ಶೋರೂಮಿನ ಫೈರೋಜ್ ಅದನ್ನು ಮನೆಗೇ ತಂದು ನನ್ನ ಪಕ್ಕ ನಿಲ್ಲಿಸಿದ. ನನಗಿಂತ ಉದ್ದ, ನನಗಿಂತ ಅಗಲ. ಉಸಿರಾಟವೂ ಕೇಳಿಸದಷ್ಟು ಮೌನಿ.

"ಸರ್, ಸುತ್ತಕಡೆ ಕ್ಯಾಮರಾ ಅದಾವ್ರಿ. ಬಾಜೂಕ ಏನರ ಬಂದ್ರ ತಾನ ಹೇಳತೈತ್ರಿ. ಗೆರಿ ಬಿಟ್ಟು ಸರದ್ರ ತಾನ ಎಳಕೊಂಡು ನಡುವ ತರತೈತಿ."

ಬಾಳಿಕಾಯಿ ಹೆಂಡತಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋದರು. ತಿರುಗಿ ಬಂದಾಗ ಅವರ ಮುಖ ಹಿಗ್ಗಿತ್ತು. "ಇದಕ್ಕ ಕಣ್ಣ ಅದಾವ ಇಂದು! ಪರದೆ ಮ್ಯಾಲ ಎಲ್ಲಾ ಕಾಣತೈತಿ. ಇನ್ನ ಹತ್ತ ವರ್ಷ ಓಡಸ್ತೇನಿ ನಾ."

"ಚೊಲೋ ಆತಲ್ರಿ," ಎಂದರು ಇಂದುಮತಿ. ಆ ಕಾರಿನಲ್ಲಿ ಆಕೆಗೆ ಹೇಳಲು ಏನೂ ಇರಲಿಲ್ಲ. ಏನಾದರೂ ಹೇಳುವ ಮೊದಲೇ ಅದು ಕುಯ್ ಎನ್ನುತ್ತಿತ್ತಂತೆ. ಒಳಗೆ ಹೋಗುವಾಗ ಆಕೆ ನನ್ನ ಎಡಬಾಗಿಲ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತರು.

ಆ ವಾರದ ಬರಹದಲ್ಲಿ ಬಾಳಿಕಾಯಿ, ಹೊಸದೇ ಮೇಲು, ಹಳೆಯದನ್ನು ಮಾರಿಬಿಡಿ ಎಂದರು. ಓದುಗರು ಬೆರಗಾದರು. ಹಳೆಯ ತಲೆಮಾರನ್ನೇ ಹೊಗಳುತ್ತಿದ್ದ ಮನುಷ್ಯ ಶೋರೂಮಿನವರ ಕಡೆ ವಾಲಿದನೇ ಎಂದು ಅಂಗಡಿಗೇ ಬಂದು ಕೆಣಕಿದರು. ಕಾರಣ ಗೊತ್ತಿದ್ದದ್ದು ಇಂದುಮತಿಗೆ ಮತ್ತು ನನಗೆ.

ಎರಡೂ ತಲೆಮಾರುಗಳನ್ನು ಒಂದೇ ರಸ್ತೆಯಲ್ಲಿ ಓಡಿಸಿ ತೋರಿಸುತ್ತೇನೆ ಎಂದು ಅವರು ಹಟ ಹಿಡಿದರು. ಕಲಘಟಗಿಯ ಕಡೆಗೆ ಹೊರಟೆವು. ಮೊದಲು ನನ್ನಲ್ಲಿ, ಇಂದುಮತಿಯ ಮಾತಿನ ಜೊತೆ. ಆಮೇಲೆ ಒಂದು ಬೇವಿನ ಮರದ ಕೆಳಗೆ ನನ್ನನ್ನು ನಿಲ್ಲಿಸಿ, ಹಿಂದೆಯೇ ಬಂದಿದ್ದ ಫೈರೋಜನ ಜೊತೆ ಅವರು ಹೊಸ ಕಾರು ಹತ್ತಿದರು. ಇಂದುಮತಿ ಧೂಳಿಗೆ ಗಾಜು ಏರಿಸಿಕೊಂಡು ನನ್ನೊಳಗೇ ಕೂತರು.

ಹೊಸ ಕಾರು ದೂರ ಹೋಗಿ ತಿರುಗಿ ಬರುತ್ತಿತ್ತು. ಅಲ್ಲಿ ರಸ್ತೆಗೆ ಬಿಳಿ ಗೆರೆಯಿರಲಿಲ್ಲ. ಅಂಚು ಮಣ್ಣಿನಲ್ಲಿ ಕರಗಿತ್ತು. ಅದರ ಎಡಕ್ಕೆ, ಹಳ್ಳದಿಂದ ಕುರಿಗಳ ಹಿಂಡೊಂದು ಮೇಲೆ ಹತ್ತುತ್ತಿತ್ತು.

"ಎಡಕ್ಕ ಕುರಿ ಬಂದೂರಿ!" ಎಂದರು ಇಂದುಮತಿ. ಕಾರು ನಿಧಾನವಾಗಲಿಲ್ಲ. "ರೀ, ಎಡಕ್ಕ! ಎಡಕ್ಕ ನೋಡ್ರಿ!" ಆಕೆ ಗಾಜಿಗೆ ಎರಡೂ ಕೈ ಬಡಿದು ಚೀರಿದರು. ಆ ಕೂಗು ನನ್ನೊಳಗೇ ಉಳಿಯಿತು. ಕೇಳಿಸಿಕೊಂಡವನು ನಾನೊಬ್ಬನೇ.

ಫೈರೋಜ್ ಪರದೆಯಲ್ಲಿ ಏನನ್ನೋ ತೋರಿಸುತ್ತ ಬಗ್ಗಿದ್ದನಂತೆ. ಕೊನೆಗೆ ಕಾರು ತಾನಾಗಿಯೇ ಬ್ರೇಕು ಹಾಕಿತು. ಆದರೆ ಹಿಂಡು ಆಗಲೇ ಅದರ ಮುಂದಿತ್ತು. ಧೂಳು ಇಳಿದಾಗ ಒಂದು ತಾಯಿಕುರಿ ಸತ್ತು ಬಿದ್ದಿತ್ತು. ಅದರ ಮರಿ ಸುತ್ತ ತಿರುಗುತ್ತ ಒದರುತ್ತಿತ್ತು. ಕುರಿಗಾರ ಮುದುಕ ಕೋಲು ಬಿಸಾಡಿ ಓಡಿ ಬಂದ.

"ಹಾಡಹಗಲ, ಇಷ್ಟ್ ದೊಡ್ಡ ಹಿಂಡ! ಕಣ್ಣ ಕಾಣಂಗಿಲ್ಲೇನ್ರಿ ನಿಮಗ?"

ಯಾರು ಬೇಕಾದರೂ ಸಿಟ್ಟಿನಲ್ಲಿ ಕೇಳುವ ಮಾತದು. ಫೈರೋಜ್ ಏನೋ ಸಮಾಧಾನ ಹೇಳಲು ಹೋದ. ಬಾಳಿಕಾಯಿ ಅವನನ್ನು ತಡೆದರು.

"ಇಲ್ಲಪ್ಪ," ಎಂದರು. "ಕಾಣಂಗಿಲ್ಲ. ಎಡಕ್ಕೂ ಕಾಣಂಗಿಲ್ಲ, ಬಲಕ್ಕೂ ಕಾಣಂಗಿಲ್ಲ."

ಮುದುಕನ ಸಿಟ್ಟು ಎಲ್ಲಿಗೆ ಹೋಯಿತೋ. ಅವನು ಮರಿಯನ್ನು ಎತ್ತಿಕೊಂಡು, ಇವರ ಮುಖವನ್ನೇ ನೋಡುತ್ತ ನಿಂತ. ಫೈರೋಜ್ ಮೊದಲು ಹೆದರಿದ, ಆಮೇಲೆ ತಲೆ ತಗ್ಗಿಸಿದ. ಇಂದುಮತಿ ಬಾಗಿಲು ತೆರೆದು ಓಡಿದರು. ಗಂಡನ ತೋಳು ಹಿಡಿದು, ಮುದುಕನಿಗೆ ಕೈ ಮುಗಿದರು. ಆಗಬೇಕಾದ ಪರಿಹಾರವನ್ನು ಅಲ್ಲೇ ಕೊಟ್ಟರು. ಹೊಸ ಕಾರನ್ನು ಅಲ್ಲೇ ಬಿಟ್ಟು, ಗಂಡ ಹೆಂಡತಿಯನ್ನು ಹಿಂದೆ ಕೂರಿಸಿ, ನನ್ನನ್ನು ಮನೆಗೆ ಓಡಿಸಿಕೊಂಡು ಬಂದವನು ಫೈರೋಜ್.

ಅದೇ ವಾರ ಬಾಳಿಕಾಯಿ ಬರೆಯುವುದನ್ನು ಬಿಟ್ಟರು. ಯಾವ ತಲೆಮಾರು ಮೇಲು ಎಂದು ಕೇಳಲು ಬಂದವರಿಗೆ, "ಕಣ್ಣ ಕಾಣದಾಂವನ್ನ ಕೇಳಬ್ಯಾಡ್ರಿ" ಎನ್ನುತ್ತಿದ್ದರು. ನನ್ನನ್ನು ಮಾತ್ರ ಮಾರಲಿಲ್ಲ. ಸಂಜೆ ಪೋರ್ಟಿಕೋದಲ್ಲಿ ನನ್ನ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂರುತ್ತಿದ್ದರು. ಇಂದುಮತಿ ಎಡಕ್ಕೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ನಾ ಓಡ್ಸಾಕ ಕಲೀಲೇನ್ರಿ?" ಎಂದು ಆಕೆ ಒಂದು ಸಂಜೆ ಕೇಳಿದರು. "ಫೈರೋಜ್ ಕಲಸ್ತೇನಿ ಅಂದಾನ."

ಬಾಳಿಕಾಯಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದರು. ಈ ಸೀಟನ್ನೂ ಬಿಟ್ಟುಕೊಟ್ಟರೆ ತನಗೇನು ಉಳಿಯಿತು ಎಂದು ಅವರಿಗೆ ಅನ್ನಿಸಿರಬೇಕು. "ಈ ವಯಸ್ಸಿನಾಗ ನಿನಗ್ಯಾಕ ಅದೆಲ್ಲ?" ಎಂದರು.

ಆಕೆ ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಬಾಳಿಕಾಯಿ ಹೆಂಡತಿಯನ್ನು ತಬ್ಬಿ ಹಿಡಿದು ಗೋಡೆ ತಡವುತ್ತ ಹೊರಬಂದರು. ಇಂದುಮತಿಯ ಬಾಯಿ ಒಂದು ಕಡೆ ವಾಲಿತ್ತು; ಮಾತು ನಿಂತಿತ್ತು. ಆಕೆಯನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಸುತ್ತಿ ಬಂದು ಅವರು ಕೀಲಿ ತಿರುಗಿಸಿದರು.

ನಾನು ಒಂದೇ ಸಲಕ್ಕೆ ಚಾಲೂ ಆದೆ. ಅಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ. ಆಸ್ಪತ್ರೆ ಎರಡು ತಿರುವು ಆಚೆಗಿತ್ತು. ಮನೆಯ ಗೇಟು ತೆರೆದಿತ್ತು.

"ಇಂದು, ಹೇಳು," ಎಂದರು ಬಾಳಿಕಾಯಿ. "ಎಡಕ್ಕ ಏನೈತಿ, ಹೇಳು."

ಆಕೆಯ ಬಲಗೈ ಎದ್ದು, ನನ್ನ ಗೇರಿನ ಮೇಲಿದ್ದ ಅವರ ಕೈಯನ್ನು ಹುಡುಕಿ ಹಿಡಿಯಿತು. ಬಾಯಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳ ಗದ್ದಲ. ಆ ಗದ್ದಲ ಅವರಿಗೆ ಕೇಳಿಸಿತು, ಮಕ್ಕಳು ಕಾಣಿಸಲಿಲ್ಲ. ಅವರು ಪೆಡಲಿನಿಂದ ಕಾಲು ತೆಗೆದರು. ಆಮೇಲೆ ಅವರು ನನ್ನನ್ನು ಆರಿಸಿ, ಹಾರನ್ನಿನ ಮೇಲೆ ಎರಡೂ ಕೈ ಊರಿ ಒತ್ತಿದರು. ಓಣಿಯವರು ಓಡಿ ಬರುವ ತನಕ ಒತ್ತಿಯೇ ಇದ್ದರು. ಆಕೆಯನ್ನು ಆಟೋದಲ್ಲಿ ಕರೆದೊಯ್ದರು.

ಇಂದುಮತಿ ಆ ಮನೆಗೆ ಜೀವಂತವಾಗಿ ಮರಳಲಿಲ್ಲ.

ಹಾರನ್ನು ಒತ್ತಿದ್ದೇ ಸರಿ ಎಂದು ಎಲ್ಲರೂ ಅವರಿಗೆ ಹೇಳಿದರು. ಸರಿಯೇ. ಅವರು ಹೊರಟಿದ್ದರೆ ಯಾವ ಮಗುವಿನ ಗತಿ ಏನಾಗುತ್ತಿತ್ತೋ. ಆದರೂ ಎರಡು ತಿರುವುಗಳ ದೂರದಲ್ಲಿ, ಅಷ್ಟೊಂದು ಬಲ ಹೊಟ್ಟೆಯಲ್ಲಿಟ್ಟುಕೊಂಡು, ನಿಂತಲ್ಲೇ ನಿಂತದ್ದು ನನ್ನ ಬಾಳಿನ ದೊಡ್ಡ ದುಃಖ.

ಆಕೆ ಹೋದ ಮೇಲೆ ಬಾಳಿಕಾಯಿ ನನ್ನನ್ನು ಮಾರಿಬಿಟ್ಟರು. ನಾನೀಗ ಗಬ್ಬೂರಿನ ಬೈಪಾಸಿನ ಬಳಿ, ಹಳೆಯ ಕಾರುಗಳ ಯಾರ್ಡಿನಲ್ಲಿ ಇದ್ದೇನೆ. ನನ್ನ ಕಾಲದ ಬಿಡಿಭಾಗಗಳು ಸಿಗುವುದಿಲ್ಲ. ಇಡಿಯಾಗಿ ಕೊಳ್ಳುವವರಿಲ್ಲ, ಬಿಚ್ಚಿ ಕೊಳ್ಳುವವರು ಬರುತ್ತಾರೆ. ನನ್ನ ನಂತರದ ತಲೆಮಾರು, ಅದರ ನಂತರದ್ದು, ಎಲ್ಲವೂ ಒಂದೊಂದಾಗಿ ಇಲ್ಲಿಗೇ ಬಂದು ನಿಲ್ಲುತ್ತಿವೆ. ಜನ ನಮ್ಮನ್ನು ಒಬ್ಬರಿಗೊಬ್ಬರು ಹೋಲಿಸಿ ನೋಡುತ್ತಾರೆ. ಎಂಜಿನ್ ಕೇಳುತ್ತಾರೆ, ಬಣ್ಣ ತಟ್ಟುತ್ತಾರೆ. ಒಳಗೆ ಯಾರು ಕೂತಿದ್ದರು ಎಂದು ಯಾರೂ ಕೇಳುವುದಿಲ್ಲ. ಯಾಕೆ ಕೇಳಬೇಕು?

ಬಾಳಿಕಾಯಿ ಒಂದೇ ಸಲ ಬಂದರು, ಹೆಸರು ವರ್ಗಾಯಿಸಲು ಸಹಿ ಹಾಕುವುದಕ್ಕೆ. ಆಗ ಅವರಿಗೆ ಬೆಳಕು ಕತ್ತಲೆಗಳಷ್ಟೇ ತಿಳಿಯುತ್ತಿದ್ದವು. ಫೈರೋಜ್ ಕೈ ಹಿಡಿದು ಕರೆತಂದ. ಅಭ್ಯಾಸದಂತೆ ಬಲಬಾಗಿಲು ತೆರೆದುಕೊಟ್ಟ. ಅವರು ತಲೆಯಲ್ಲಾಡಿಸಿ, ನನ್ನ ಮೂತಿ ತಡವುತ್ತ ಸುತ್ತಿ ಬಂದು, ಎಡಗಡೆಯ ಸೀಟಿನಲ್ಲಿ ಕೂತರು. ಇಷ್ಟು ವರ್ಷಗಳಲ್ಲಿ ಅವರು ಅಲ್ಲಿ ಕೂತದ್ದು ಅದೇ ಮೊದಲು.

"ಒಂದ್ ಸುತ್ತ ಹಾಕಪ್ಪ," ಎಂದರು.

ಫೈರೋಜ್ ನನ್ನನ್ನು ಯಾರ್ಡಿನೊಳಗೆ ನಿಧಾನವಾಗಿ ಓಡಿಸಿದ. ಬಾಳಿಕಾಯಿ ಗಾಜಿನ ಕಡೆ ಮುಖ ಮಾಡಿ ಕೂತಿದ್ದರು. ತುಸು ಹೊತ್ತಿನ ಮೇಲೆ ಕೇಳಿದರು:

"ಎಡಕ್ಕ ಏನೈತಿ, ಫೈರೋಜ್?"

"ಏನಿಲ್ರಿ ಸರ್. ಖಾಲಿ ಐತಿ."

"ಆಕಿ ಆಗಿದ್ರ," ಎಂದರು ಅವರು, "ಏನರ ಹೇಳತಿದ್ಲು."

ಫೈರೋಜ್ ಕಾರು ನಿಲ್ಲಿಸಿ, ಕೆಳಗಿಳಿದು, ಅವರು ಅಳುವುದು ಮುಗಿಯುವ ತನಕ ದೂರ ಹೋಗಿ ನಿಂತ.