ಬೆಕ್ಕಿನ ಸಾಕ್ಷಿ ಸಾಲದು

ಮೊಮ್ಮಗಳ ಮೊದಲ ಹುಟ್ಟುಹಬ್ಬ ನಾಳೆ. ಕಿರಿಬಾಸ್ ದ್ವೀಪಗಳಲ್ಲಿ ಈ ಹಬ್ಬಕ್ಕೆ ಊರಿಗೆ ಊರೇ ಸಭಾಮಂಟಪದಲ್ಲಿ ಚಾಪೆ ಹಾಸಿ ಕೂರುತ್ತದೆ. ಅಜ್ಜ ಬಾಕೋವಾ ತೊಡೆಗಾತ್ರದ ಹಾವುಮೀನೊಂದನ್ನು ತಂದು ಅಂಗಳದಲ್ಲಿ ಕೆಡವಿದ್ದ. ಮೀನಿನ ತಲೆ ಊರ ಹಿರಿಯರಿಗೆ, ಹೆಸರು ತನಗೆ ಎಂದು ಅವನ ಎಣಿಕೆ.

ಮಗುವಿನ ತೂಕ ನೋಡಲು ಬಂದ ನರ್ಸ್ ತಾರೇಮ ಮೀನು ಕಂಡು ನಿಂತಳು. "ಎಲ್ಲಿ ಹಿಡಿದ್ರಿ ಅಜ್ಜಾ?"

"ಹಡಗಿಗೆ ದಾರಿ ಮಾಡೋಕೆ ಹವಳದ ದಿಬ್ಬ ಒಡೆದ್ರಲ್ಲ, ಅಲ್ಲಿ."

"ಅಯ್ಯೋ, ಬಡಿಸಬೇಡಿ. ವಿಷ ಇರಬಹುದು."

"ಬೆಕ್ಕಿಗೆ ಹಾಕಿದ್ದೀನಿ. ನೋಡು, ಮೀಸೆ ನೆಕ್ಕೊಂಡು ಹಾಯಾಗಿ ಮಲಗಿದೆ. ಮೀನಿನ ಮೇಲೆ ನೊಣಾನೂ ಕೂತಿದೆ, ವಿಷ ಇದ್ರೆ ಕೂರ್ತಿತ್ತಾ? ಇನ್ನೇನು, ನಿನ್ನ ಸಹಿ ಬೇಕಾ?"

"ಈ ವಿಷ ತಲೆಯೆತ್ತೋಕೆ ಒಂದು ದಿನಾನೂ ಹಿಡೀಬಹುದು. ಆಮೇಲೆ ವಾಂತಿ, ಭೇದಿ, ಕೈಕಾಲು ಜುಮ್ಮು. ತಣ್ಣೀರು ಮುಟ್ಟಿದ್ರೂ ಸುಟ್ಟ ಹಾಗೆ. ನಿಮ್ಮ ಸೊಸೆ ತಿಂದ್ರೆ ಎದೆಹಾಲಲ್ಲಿ ಮಗೂಗೂ ಹೋಗುತ್ತೆ."

ಸೊಸೆ ಕತರೀನ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಚೆನ್ನಾಗಿ ಬೇಯಿಸ್ತೀವಿ ಬಿಡು," ಎಂದ ಅಜ್ಜ.

"ಬೇಯಿಸಿ, ಉಪ್ಪು ಹಾಕಿ ಒಣಗಿಸಿ. ಏನು ಮಾಡಿದ್ರೂ ಆ ವಿಷ ಜಗ್ಗಲ್ಲ."

"ಕಾಣದ ವಿಷಕ್ಕೆ ನಾನು ಹೆದರಲ್ಲ ಮಗಳೇ."

"ಹಾಗಾದ್ರೆ ಬನ್ನಿ, ಕಾಣಿಸ್ತೀನಿ."

ಒಡೆದ ದಿಬ್ಬದಿಂದ ಕಿತ್ತು ತಂದ ಪಾಚಿಯನ್ನು ತಾರೇಮ ಕಡಲ ನೀರಿನ ಬಾಟಲಿಯಲ್ಲಿ ಕುಲುಕಿ, ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಇಟ್ಟಳು. ಬಾಕೋವಾ ಒಂದು ಕಣ್ಣು ಮುಚ್ಚಿ ಬಗ್ಗಿದ. ಚಪ್ಪಟೆ ಬಿಲ್ಲೆಯಂಥದ್ದೇನೋ ಬುಗುರಿಯಂತೆ ಸುತ್ತುತ್ತ ಈಜುತ್ತಿತ್ತು.

"ಏನಿದು, ಬೀಜಾನಾ, ಹುಳಾನಾ?"

"ಎರಡೂ ಅಲ್ಲ. ಇಡೀ ಮೈಯೇ ಒಂದು ಜೀವಕೋಶ. ಇಂಥವು ಸಾವಿರಾರು ಬಗೆ. ಹಿಂದೆ ವಿಜ್ಞಾನಿಗಳು ಇವು ಓಡಾಡೋ ರೀತಿ ನೋಡಿಯೇ ಗುಂಪು ಮಾಡ್ತಿದ್ರು. ಕೆಲವು ಮೈಯನ್ನೇ ಕಾಲಿನ ಹಾಗೆ ಚಾಚಿ ತೆವಳ್ತವೆ, ತುತ್ತನ್ನ ತಬ್ಬಿ ನುಂಗ್ತವೆ. ಕೆಲವಕ್ಕೆ ಮೈತುಂಬ ರೋಮ. ಈಜೋಕೂ ಅದೇ, ಊಟ ಬಾಯಿಗೆ ತಳ್ಳೋಕೂ ಅದೇ. ಇದಕ್ಕೆ ಚಾವಟಿಯಂಥ ಎರಡು ಎಳೆ. ಒಂದು ಸೊಂಟ ಸುತ್ತಿ ಮೈ ತಿರುಗಿಸುತ್ತೆ, ಇನ್ನೊಂದು ಮುಂದಕ್ಕೆ ದೂಡುತ್ತೆ."

"ಊಟ?"

"ಗಿಡದ ಹಾಗೆ, ಬಿಸಿಲಲ್ಲೇ ಅಡುಗೆ. ವಿಷಾನೂ ಇದರ ಮೈಯಲ್ಲೇ ಹುಟ್ಟೋದು. ಸತ್ತ ಹವಳದ ಪಾಚಿಗೆ ಅಂಟಿಕೊಂಡಿರುತ್ತೆ. ಪಾಚಿ ಮೇಯೋ ಮೀನು ಇದನ್ನ ನುಂಗುತ್ತೆ, ಆ ಮೀನನ್ನ ದೊಡ್ಡ ಮೀನು. ವಿಷವೆಲ್ಲ ದೊಡ್ಡದರ ಮೈಯಲ್ಲಿ ಗುಡ್ಡೆ ಬೀಳುತ್ತೆ."

"ಅಂದ್ರೆ ನನ್ನ ಮೀನಲ್ಲಿ ಇದೆ ಅಂತೀಯ?"

"ಇದೆ ಅನ್ನಲ್ಲ. ಇಲ್ಲ ಅನ್ನೋಕೆ ನನಗೂ ಆಗಲ್ಲ, ನಿಮ್ಮ ಬೆಕ್ಕಿಗೂ ಆಗಲ್ಲ."

ಅಜ್ಜ ಮನೆಗೆ ಬಂದವನೇ ಹಾವುಮೀನನ್ನು ಆಳವಾಗಿ ಹೂತ. ಮರುದಿನ ಬೆಳಕು ಹರಿಯುತ್ತಲೇ ದೋಣಿಯನ್ನು ದಿಬ್ಬ ದಾಟಿಸಿ, ಹಕ್ಕಿಗಳು ಮುಗಿಬಿದ್ದಲ್ಲಿ ಗಾಳ ಎಳೆದ. ಮಧ್ಯಾಹ್ನ ಶಂಖ ಊದುತ್ತ ದಡ ಮುಟ್ಟಿದಾಗ ದೋಣಿಯಲ್ಲಿ ಹನ್ನೆರಡು ಟ್ಯೂನಾ ಮೀನು ಮಿನುಗುತ್ತಿದ್ದವು! ಹೊರಲು ಅರ್ಧ ಊರೇ ಓಡಿ ಬಂತು.

"ಏನೋ ಬಾಕೋವಾ, ಹಾವುಮೀನಿನ ತಲೆ ನೀನೊಬ್ಬನೇ ತಿಂದ್ಯಾ?" ಎಂದು ಮಂಟಪದಲ್ಲಿ ಹಳೆಯ ಗೆಳೆಯನೊಬ್ಬ ಕೆಣಕಿದ.

"ಮಣ್ಣಿಗೆ ಬಡಿಸ್ದೆ ಕಣೋ. ಅದನ್ನ ತಿಂದು ನೀನು ಹೋದ್ರೆ ನಾನು ಬೈಯೋದು ಯಾರನ್ನ?"

ಮಂಟಪ ನಗೆಯಿಂದ ತುಂಬಿತು. ಕತರೀನ ಹೊಟ್ಟೆ ತುಂಬ ಉಂಡು, ನಿಶ್ಚಿಂತೆಯಿಂದ ಮಗಳಿಗೆ ಹಾಲೂಡಿಸಿದಳು.

ಕಡಲಂಚಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಡೆದ ಹವಳದ ಬಳಿ ಸಿಕ್ಕ ದೊಡ್ಡ ಮೀನು ತಿನ್ನಬೇಡಿ. ಅದರ ತಲೆ, ಕರುಳು ಬೇಡವೇ ಬೇಡ. ಮೀನುಂಡ ಮೇಲೆ ಬಾಯಿ ಜುಮ್ಮೆಂದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಬ್ಬಕ್ಕೆ ದಿಬ್ಬದ ಪಾಚಿಯ ನಂಟಿಲ್ಲದ ಆಳ ಕಡಲ ಮೀನು ತನ್ನಿ. ಉಂಡವರೆಲ್ಲ ಮರುದಿನ ನಗುತ್ತ ಏಳಲಿ.